ಬಾಗಿಲು ಮುಚ್ಚಿದರೂ ಆರದ ದೀಪ

ಕೊಯಮತ್ತೂರಿನ ಪೀಳಮೇಡಿನಲ್ಲಿ ಒಂದು ಅಪಾರ್ಟ್‌ಮೆಂಟಿನ ನೆಲಮಾಳಿಗೆ. ರಾತ್ರಿ ಹನ್ನೊಂದರ ಹೊತ್ತು. ಕಾರಿಗೆ ಬೀಗ ಹಾಕಿ ನಾಲ್ಕು ಹೆಜ್ಜೆ ಇಟ್ಟಿದ್ದೆ, ಕರೆಂಟು ಹೋಯಿತು. ಕಗ್ಗತ್ತಲಲ್ಲಿ ತಿರುಗಿ ನೋಡಿದರೆ ಕಾರಿನ ಚಾವಣಿಯಲ್ಲಿ ಮಿಣುಕುಹುಳು ಸಿಕ್ಕಿಹಾಕಿಕೊಂಡ ಹಾಗೆ ಮಂಕಾದ ನೀಲಿಬಿಳಿ ಹೊಳಪು. ಬಾಗಿಲು ಮುಚ್ಚಿತ್ತು, ಕೀಲಿ ನನ್ನ ಜೇಬಿನಲ್ಲಿತ್ತು. ಅಂದು ಬೆಳಗ್ಗೆಯಷ್ಟೇ ಹಳೆಯ ಬಲ್ಬ್ ತೆಗೆದು ಎಲ್‌ಇಡಿ ಹಾಕಿಕೊಂಡಿದ್ದೆ. ಬ್ಯಾಟರಿ ಬೆಳಗಾಗುವುದರೊಳಗೆ ಖಾಲಿಯಾಗುತ್ತದೆಂದು ಹೆದರಿ, ಮೊಬೈಲಿನ ಬೆಳಕಿನಲ್ಲಿ ಆ ದೀಪವನ್ನು ಕಿತ್ತಿಟ್ಟು ಮಲಗಿದೆ.

ಮರುದಿನ ಗಾಂಧಿಪುರದ ಕಡೆಯ ಒಬ್ಬ ಆಟೊ ಎಲೆಕ್ಟ್ರಿಷಿಯನ್ ಬಳಿ ಹೋದೆ. ಮನೆಯಲ್ಲಿ ಕನ್ನಡ ಆಡುವ ದೇವಾಂಗ ಕುಟುಂಬದವರು. ಮಗ್ಗದ ಜೊತೆ ಮಾತನ್ನೂ ಹೊತ್ತು ತಂದು ತಲೆಮಾರುಗಳಿಂದ ಈ ಸೀಮೆಯಲ್ಲಿ ನೆಲೆಸಿದವರ ಪೈಕಿ. ಅವರ ಕನ್ನಡದಲ್ಲಿ ಕ್ರಿಯಾಪದ ಕನ್ನಡದ್ದು, ಸ್ಪ್ಯಾನರು ಇಂಗ್ಲಿಷಿನದು, ಬೈಗುಳ ತಮಿಳಿನದು. ನನ್ನ ಕಥೆ ಕೇಳಿ ನಕ್ಕರು. "ಲೀಕು ಮೊದಲಿಂದಾನೂ ಇತ್ತು ಸಾರ್. ಹಳೇ ಬಲ್ಬು ಹೇಳ್ತಿರಲಿಲ್ಲ, ಇದು ಚಾಡಿ ಹೇಳ್ತು, ಅಷ್ಟೇ."

ಈ ಒಂದು ಮಾತನ್ನು ಬಿಡಿಸಿದರೆ ಕಾರಿನೊಳಗಿನ ದೀಪದ ಭೌತಶಾಸ್ತ್ರವೆಲ್ಲ ಸಿಗುತ್ತದೆ. ಬಿಡಿಸುವುದಕ್ಕೆ ಕೊಯಮತ್ತೂರಿಗಿಂತ ಒಳ್ಳೆಯ ಜಾಗ ಬೇಡ. 1920ರಲ್ಲಿ ಉದ್ಯಮಿ ಜಿ.ಡಿ. ನಾಯ್ಡು ಪೊಳ್ಳಾಚಿಯಿಂದ ಪಳನಿಗೆ ಬಸ್ ಓಡಿಸಲು ಆರಂಭಿಸಿದ್ದು ಈ ಸೀಮೆಯಲ್ಲಿ. ನೀಲಗಿರಿಯ ಪೈಕಾರದಿಂದ 1932ರಲ್ಲಿ ಇಳಿದ ಜಲವಿದ್ಯುತ್ತು ಇಲ್ಲಿನ ಗಿರಣಿಗಳನ್ನು ತಿರುಗಿಸಿತು. ಅದಾಗಿ ಐದು ವರ್ಷಕ್ಕೆ ನಾಯ್ಡು ಬಳಗ ದೇಶೀ ಎಲೆಕ್ಟ್ರಿಕ್ ಮೋಟಾರು ತಯಾರಿಸಿತು. ಕಾರಿನ ಹಾರ್ನ್ ಮಾಡುವ ರೂಟ್ಸ್, ಡ್ಯಾಶ್‌ಬೋರ್ಡಿನ ಮೀಟರು ಮಾಡುವ ಪ್ರಿಕಾಲ್ ಇಲ್ಲಿಯವೇ. ಅವಿನಾಶಿ ರಸ್ತೆಯ ಜೀಡೀ ಕಾರ್ ಮ್ಯೂಸಿಯಮ್ಮಿನಲ್ಲಿ ಹಳೆಯ ಕಾರುಗಳನ್ನು ನೋಡುತ್ತ ನಡೆದರೆ ದೀಪದ ಚರಿತ್ರೆಯೂ ಜೊತೆಗೆ ನಡೆಯುತ್ತದೆ: ಕಾರುಗಳ ಮೊದಲ ಕಾಲದಲ್ಲಿ ಕಾರ್ಬೈಡಿಗೆ ನೀರು ಹನಿಸಿ ಹುಟ್ಟಿಸಿದ ಗ್ಯಾಸಿನ ಬೆಳಕು, ಆಮೇಲೆ ಆರು ವೋಲ್ಟಿನ ಬಲ್ಬು, ಕೊನೆಗೆ ಹನ್ನೆರಡು ವೋಲ್ಟಿನದು. ಮುಂದಿನ ದೀಪಗಳನ್ನು ಎಲ್ಲರೂ ನೋಡುತ್ತಾರೆ. ಚಾವಣಿಯ ಪುಟ್ಟ ದೀಪದ ಕಡೆ ಯಾರೂ ತಲೆಯೆತ್ತುವುದಿಲ್ಲ.

ಆ ಹಳೆಯ ಬಲ್ಬನ್ನು ಕೈಯಲ್ಲಿ ಹಿಡಿದು ನೋಡಿ. ಬೆರಳಿನ ಗೆಣ್ಣಿನಷ್ಟು ಉದ್ದದ ಗಾಜಿನ ಕೊಳವೆ, ಎರಡು ತುದಿಗೂ ಲೋಹದ ಟೋಪಿ, ನಡುವೆ ಕೂದಲಿಗಿಂತ ತೆಳುವಾದ ಟಂಗ್‌ಸ್ಟನ್ ತಂತಿ. ಉರಿಯುವಾಗ ಆ ತಂತಿ ಸುಮಾರು 2,400 ಡಿಗ್ರಿ ಸೆಲ್ಸಿಯಸ್ ಬಿಸಿ. ಟಂಗ್‌ಸ್ಟನ್ ಕರಗುವುದು 3,422 ಡಿಗ್ರಿಯಲ್ಲಿ, ಹಾಗಾಗಿ ತಡೆದುಕೊಳ್ಳುತ್ತದೆ. ತಿಂದ 5 ವ್ಯಾಟ್‌ನಲ್ಲಿ ಅದು ಕೊಡುವುದು ಐವತ್ತು ಲ್ಯೂಮನ್‌ನಷ್ಟು ಬೆಳಕು, ಉಳಿದದ್ದೆಲ್ಲ ಶಾಖ. ಕಾಯಿಸಿದ ಕಬ್ಬಿಣ ಕೆಂಪಗಾಗುವ ವಿದ್ಯೆಯೇ ಇದು, ಗಾಜಿನೊಳಗೆ ಇಟ್ಟದ್ದು ಅಷ್ಟೇ.

ಆದರೂ ಆ ತಂತಿಗೆ ಒಂದು ಒಳ್ಳೆಯ ಗುಣವಿದೆ, ತನ್ನನ್ನು ತಾನೇ ಹಿಡಿತದಲ್ಲಿಟ್ಟುಕೊಳ್ಳುತ್ತದೆ. ತಣ್ಣಗಿರುವಾಗ ಅದರ ರೋಧ ಎರಡು ಮೂರು ಓಮ್. ಬಿಸಿಯಾದಾಗ ಇಪ್ಪತ್ತೊಂಬತ್ತರ ಆಸುಪಾಸು. ಕರೆಂಟು ಹೆಚ್ಚಾದರೆ ಬಿಸಿ ಹೆಚ್ಚುತ್ತದೆ, ಬಿಸಿ ಹೆಚ್ಚಿದರೆ ರೋಧ ಏರುತ್ತದೆ, ರೋಧ ಏರಿದರೆ ಕರೆಂಟು ತಗ್ಗುತ್ತದೆ. ಕಾರು ನಿಂತಾಗ ಬ್ಯಾಟರಿ 12.6 ವೋಲ್ಟ್ ಕೊಡುತ್ತದೆ, ಎಂಜಿನ್ ಓಡುವಾಗ ಆಲ್ಟರ್‌ನೇಟರ್ ಅದನ್ನು 14.4ರವರೆಗೂ ಏರಿಸುತ್ತದೆ. ವೋಲ್ಟೇಜು ಹದಿನಾಲ್ಕು ಶೇಕಡ ಹೆಚ್ಚಿದರೂ ತಂತಿಯಲ್ಲಿ ಕರೆಂಟು ಹೆಚ್ಚುವುದು ಏಳೆಂಟು ಶೇಕಡ ಮಾತ್ರ. ಅಲ್ಲದೆ ತಂತಿಗೆ ಪ್ಲಸ್ಸು ಯಾವ ಕಡೆ, ಮೈನಸ್ಸು ಯಾವ ಕಡೆ ಎಂಬ ಜಾತಿಭೇದವಿಲ್ಲ. ಒಂದಿಷ್ಟು ಹನಿ ಕರೆಂಟು ಸೋರಿ ಬಂದರೆ ಅದು ಬಿಸಿಯೂ ಆಗುವುದಿಲ್ಲ, ಬೆಳಗುವುದೂ ಇಲ್ಲ, ನುಂಗಿಕೊಂಡು ಸುಮ್ಮನಿರುತ್ತದೆ. ಹಳೆಯ ಕಾಲದ ಸೊಸೆಯ ಸ್ವಭಾವ. ಕಾರಿನ ವೈರಿಂಗನ್ನು ಎಳೆದವರು ಈ ಸ್ವಭಾವವನ್ನು ನಂಬಿಯೇ ಎಳೆದರು.

ಎಲ್‌ಇಡಿಯದು ಬೇರೆ ಸಂಸಾರ. ಅದರಲ್ಲಿ ಬಿಸಿಯಾಗಿ ಉರಿಯುವಂಥದ್ದು ಏನೂ ಇಲ್ಲ, ಇರುವುದು ಒಂದು ಹರಳು. ಹರಳಿನ ಒಂದು ಪದರದಲ್ಲಿ ಎಲೆಕ್ಟ್ರಾನುಗಳು ಹೆಚ್ಚು, ಪಕ್ಕದ ಪದರದಲ್ಲಿ ಎಲೆಕ್ಟ್ರಾನು ಇರಬೇಕಾದಲ್ಲಿ ಖಾಲಿ ಜಾಗ ಹೆಚ್ಚು. ಸರಿಯಾದ ದಿಕ್ಕಿನಲ್ಲಿ ವೋಲ್ಟೇಜು ಕೊಟ್ಟರೆ ಎಲೆಕ್ಟ್ರಾನು ಗಡಿ ದಾಟಿ ಆ ಖಾಲಿ ಜಾಗಕ್ಕೆ ಬೀಳುತ್ತದೆ. ಬಿದ್ದ ಎತ್ತರದಷ್ಟು ಶಕ್ತಿ ಬೆಳಕಿನ ಕಣವಾಗಿ ಹೊರಬರುತ್ತದೆ. ಎತ್ತರ ಕಡಿಮೆಯಿದ್ದರೆ ಕೆಂಪು, ಹೆಚ್ಚಿದ್ದರೆ ನೀಲಿ. ಕೆಂಪು ಎಲ್‌ಇಡಿಗೆ ಎರಡು ವೋಲ್ಟ್ ಸಾಕು, ನೀಲಿಗೆ ಮೂರರ ಹತ್ತಿರ ಬೇಕು ಎಂಬುದರ ಗುಟ್ಟು ಇದೇ.

ಇದನ್ನು ಮೊದಲು ಕಂಡದ್ದು 1907ರಲ್ಲಿ. ಎಚ್.ಜೆ. ರೌಂಡ್ ಎಂಬ ಇಂಗ್ಲಿಷ್ ಎಂಜಿನಿಯರು ರೇಡಿಯೊ ಹರಳುಗಳನ್ನು ಪರೀಕ್ಷಿಸುತ್ತಿದ್ದಾಗ ಸಿಲಿಕಾನ್ ಕಾರ್ಬೈಡಿನ ತುಂಡೊಂದು ಹಳದಿಯಾಗಿ ಹೊಳೆಯಿತು. ಅವರು ಒಂದು ಪುಟ್ಟ ಟಿಪ್ಪಣಿ ಬರೆದು ಮುಂದೆ ಹೋದರು. 1962ರಲ್ಲಿ ನಿಕ್ ಹೊಲೊನ್ಯಾಕ್ ಕೆಂಪು ಎಲ್‌ಇಡಿ ಮಾಡಿದರು. ನೀಲಿ ಮಾತ್ರ ಮೂವತ್ತು ವರ್ಷ ಸತಾಯಿಸಿತು. ಗ್ಯಾಲಿಯಂ ನೈಟ್ರೈಡ್ ಹರಳನ್ನು ಚೊಕ್ಕಟವಾಗಿ ಬೆಳೆಸಿ ಅದನ್ನು ಪಳಗಿಸಿದ ಜಪಾನಿನ ಅಕಾಸಾಕಿ, ಅಮಾನೊ ಮತ್ತು ನಕಮುರ ಅವರಿಗೆ 2014ರ ನೊಬೆಲ್ ಬಂತು. ಬಿಳಿ ಎಲ್‌ಇಡಿ ಎಂಬುದು ಅಸಲಿಗೆ ನೀಲಿ ಎಲ್‌ಇಡಿಯೇ, ಮೇಲೆ ಹಳದಿ ಫಾಸ್ಫರಿನ ಲೇಪ. ನೀಲಿಯ ಒಂದು ಪಾಲು ಲೇಪದಲ್ಲಿ ಹಳದಿಯಾಗುತ್ತದೆ, ಉಳಿದ ನೀಲಿ ಹಾಗೇ ತೂರಿಬರುತ್ತದೆ, ಎರಡೂ ಸೇರಿದ್ದನ್ನು ಕಣ್ಣು ಬಿಳಿ ಎಂದು ಒಪ್ಪಿಕೊಳ್ಳುತ್ತದೆ. ಆರಿದ ಎಲ್‌ಇಡಿಯನ್ನು ಹತ್ತಿರದಿಂದ ನೋಡಿ: ಪಕ್ಕದ ಈರೋಡಿನ ಮಂಡಿಯಿಂದ ಚಿಟಿಕೆ ಅರಿಸಿನ ತಂದು ಬಳಿದ ಹಾಗಿರುತ್ತದೆ.

ಈ ಹರಳಿಗೆ ತಂತಿಯ ಸಂಯಮವಿಲ್ಲ. ಹೊಸ್ತಿಲಿನ ವೋಲ್ಟೇಜು ದಾಟುವವರೆಗೆ ಹೆಚ್ಚುಕಡಿಮೆ ಏನೂ ಹರಿಯುವುದಿಲ್ಲ. ದಾಟಿತೋ, ಕರೆಂಟು ದಿಢೀರನೆ ಏರುತ್ತದೆ. ಬಿಸಿಯಾದಷ್ಟೂ ಇನ್ನೂ ಹೆಚ್ಚು ಹರಿಯಬಿಡುತ್ತದೆ. ಹೀಗಾಗಿ ಕಾವಲಿಗೆ ಯಾರಾದರೂ ಬೇಕು. ಅಗ್ಗದ ಎಲ್‌ಇಡಿ ಬಲ್ಬಿನಲ್ಲಿ ಆ ಕಾವಲುಗಾರ ಒಂದು ಸಾಸಿವೆ ಗಾತ್ರದ ರೆಸಿಸ್ಟರ್. ಲೆಕ್ಕ ನೋಡಿ. ಮೂರು ಬಿಳಿ ಎಲ್‌ಇಡಿ ಸಾಲಾಗಿ ಜೋಡಿಸಿದರೆ 9.3 ವೋಲ್ಟ್. ಕಾರು ನಿಂತಿದ್ದಾಗ ರೆಸಿಸ್ಟರಿನ ಪಾಲಿಗೆ ಉಳಿಯುವುದು 3.3. ಎಂಜಿನ್ ಓಡುವಾಗ 5.1. ಅಂದರೆ ವೋಲ್ಟೇಜು ಏರಿದ್ದು ಹದಿನಾಲ್ಕು ಶೇಕಡ, ಕರೆಂಟು ಏರಿದ್ದು ಐವತ್ತಕ್ಕೂ ಮೇಲೆ. ಏಪ್ರಿಲ್ ಮಧ್ಯಾಹ್ನ ಬಿಸಿಲಲ್ಲಿ ನಿಲ್ಲಿಸಿ ಒಲೆಯಂತಾದ ಕಾರಿನ ಚಾವಣಿಯಲ್ಲಿ ಇಂಥ ಬಲ್ಬು ಎಷ್ಟು ದಿನ ಬಾಳುತ್ತದೆ ಎಂಬುದನ್ನು ಪೊಟ್ಟಣದ ಮೇಲಿನ 50,000 ಗಂಟೆ ಎಂಬ ಅಕ್ಷರಗಳು ಹೇಳುವುದಿಲ್ಲ. ಎಲ್‌ಇಡಿ ಮುಂದಕ್ಕೆ ಶಾಖ ಚೆಲ್ಲುವುದಿಲ್ಲ, ನಿಜ. ಆದರೆ ತನ್ನ ಬೆನ್ನಿನಲ್ಲಿ ಹುಟ್ಟಿದ ಶಾಖವನ್ನು ಅದು ಹೊರಹಾಕಲೇಬೇಕು. ಬೆನ್ನಿಗೆ ಅಲ್ಯೂಮಿನಿಯಂ ಇರುವ, ಕರೆಂಟನ್ನು ಹದವಾಗಿಡುವ ಪುಟ್ಟ ಸರ್ಕ್ಯೂಟು ಇರುವ ಬಲ್ಬಿಗೆ ಐವತ್ತು ರೂಪಾಯಿ ಹೆಚ್ಚು ಕೊಡುವುದು ದಡ್ಡತನವಲ್ಲ.

ಈಗ ಆ ಮಿಣುಕುಹುಳುವಿಗೆ ಬರೋಣ. ಇವತ್ತಿನ ಹಲವು ಕಾರುಗಳಲ್ಲಿ ಚಾವಣಿ ದೀಪವನ್ನು ಹತ್ತಿಸುವುದು ಬಾಗಿಲಿನ ಬಟನ್ನು ಮಾತ್ರವಲ್ಲ, ಒಂದು ಪುಟ್ಟ ಕಂಪ್ಯೂಟರು. ಅದರೊಳಗಿನ ಟ್ರಾನ್ಸಿಸ್ಟರು ಮುಚ್ಚಿದ ನಲ್ಲಿಯ ಹಾಗೆ: ಪೂರ್ತಿ ಬಿಗಿದರೂ ಒಂದೆರಡು ಹನಿ ಬೀಳುತ್ತದೆ. ಕೆಲವು ಕಾರುಗಳು ಬಲ್ಬು ನೆಟ್ಟಗಿದೆಯೇ, ಬಾಗಿಲು ಮುಚ್ಚಿದೆಯೇ ಎಂದು ವಿಚಾರಿಸಲು ಬೇಕೆಂದೇ ಹನಿ ಕರೆಂಟು ಕಳಿಸುತ್ತವೆ. ತಂತಿ ಬೆಳಗಲು ನಾನೂರು ಮಿಲಿಆಂಪಿಯರಿನಷ್ಟು ಬೇಕು, ಒಂದೆರಡು ಅದಕ್ಕೆ ಲೆಕ್ಕಕ್ಕಿಲ್ಲ. ಎಲ್‌ಇಡಿಗೆ ಒಂದು ಮಿಲಿಆಂಪಿಯರಿನಲ್ಲೇ ಕತ್ತಲಲ್ಲಿ ಕಾಣುವಷ್ಟು ಬೆಳಕು ಬರುತ್ತದೆ. ನನ್ನ ಹೆದರಿಕೆಗೂ ಲೆಕ್ಕ ಹಾಕಿದೆ: ಒಂದು ಮಿಲಿಆಂಪಿಯರಿನಂತೆ ದಿನವಿಡೀ ಸೋರಿದರೆ 24 ಮಿಲಿಆಂಪಿಯರ್-ಗಂಟೆ. ನನ್ನ ಕಾರಿನ 35 ಆಂಪಿಯರ್-ಗಂಟೆಯ ಬ್ಯಾಟರಿ ಅದೊಂದರಿಂದಲೇ ಬರಿದಾಗಲು ನಾಲ್ಕು ವರ್ಷ ಬೇಕು. ಅಷ್ಟರಲ್ಲಿ ಬ್ಯಾಟರಿಯೇ ಮುದಿಯಾಗಿ ಸತ್ತಿರುತ್ತದೆ.

ಮದ್ದು ಸುಲಭ. ಎಲ್‌ಇಡಿಗೆ ಅಡ್ಡಲಾಗಿ 1,000 ಓಮಿನ ಒಂದು ರೆಸಿಸ್ಟರ್ ಬೆಸೆಯುವುದು. ಸೋರಿ ಬಂದ ಒಂದು ಮಿಲಿಆಂಪಿಯರ್ ಅದರ ಮೂಲಕವೇ ಹರಿದುಹೋದರೆ ಅಲ್ಲಿ ಏಳುವ ವೋಲ್ಟೇಜು ಬರೀ ಒಂದು. ಮೂರು ಎಲ್‌ಇಡಿಗಳ ಹೊಸ್ತಿಲು ಎಂಟರ ಮೇಲಿದೆ. ಎಲೆಕ್ಟ್ರಿಷಿಯನ್ ಅದನ್ನು ಎರಡು ನಿಮಿಷದಲ್ಲಿ ಮಾಡಿದರು, ಹತ್ತು ರೂಪಾಯಿ ಕೇಳಿದರು. ಬೆಸೆಯುವ ಮುಂಚೆ ಫ್ಯೂಸು ಕಿತ್ತರು. ಹಳೆಯ ಪದ್ಧತಿಯ ಕಾರುಗಳಲ್ಲಿ ಚಾವಣಿ ದೀಪಕ್ಕೆ ಪ್ಲಸ್ಸು ಸದಾ ಬಂದು ನಿಂತಿರುತ್ತದೆ, ಬಾಗಿಲಿನ ಸ್ವಿಚ್ಚು ಮೈನಸ್ಸನ್ನು, ಅಂದರೆ ಅವರ ಮಾತಿನಲ್ಲಿ 'ಬಾಡಿ ಅರ್ತ್' ಅನ್ನು ಸೇರಿಸುತ್ತದೆ. ಸ್ಕ್ರೂಡ್ರೈವರಿನಿಂದ ಬಲ್ಬು ಮೀಟುವಾಗ ತುದಿ ಲೋಹದ ಮೈಗೆ ತಾಗಿದರೆ ಫ್ಯೂಸು ಪಟ್ ಎನ್ನುತ್ತದೆ. ಅದೇ ಫ್ಯೂಸಿನ ಮೇಲೆ ಗಡಿಯಾರವೂ ರೇಡಿಯೊವೂ ಬದುಕುತ್ತಿದ್ದರೆ ಅವೂ ಮೌನ. ಇನ್ನು ಹೊಸ ಬಲ್ಬು ಹಾಕಿದ ಕೂಡಲೇ ಹತ್ತದಿದ್ದರೆ ಅಂಗಡಿಯವನನ್ನು ಬೈಯುವ ಮೊದಲು ತಿರುಗಿಸಿ ಹಾಕಿ ನೋಡಿ. ಹರಳಿಗೆ ದಿಕ್ಕಿದೆ.

ಬಾಗಿಲು ಮುಚ್ಚಿದಾಗ ಸಿನಿಮಾ ಮಂದಿರದ ದೀಪದಂತೆ ಮೆಲ್ಲಗೆ ನಂದುವ ಕಾರುಗಳಲ್ಲಿ ಇನ್ನೊಂದು ತಮಾಷೆಯಿದೆ. ಕಂಪ್ಯೂಟರು ಅಲ್ಲಿ ಕರೆಂಟನ್ನು ಕಡಿಮೆ ಮಾಡುವುದಿಲ್ಲ, ಸೆಕೆಂಡಿಗೆ ನೂರಾರು ಸಲ ಹಚ್ಚಿ ಆರಿಸುತ್ತ, ಆರಿಸಿದ ಹೊತ್ತನ್ನು ಉದ್ದ ಮಾಡುತ್ತ ಹೋಗುತ್ತದೆ. ತಂತಿ ಅಷ್ಟು ಬೇಗ ತಣಿಯುವುದಿಲ್ಲ, ಹಾಗಾಗಿ ನಯವಾಗಿ ಮಂಕಾಗುತ್ತದೆ. ಎಲ್‌ಇಡಿ ಪ್ರತಿ ಸಲವೂ ನಿಜವಾಗಿ ಆರಿ ನಿಜವಾಗಿ ಹತ್ತುತ್ತದೆ, ಕೈ ಬೀಸಿದರೆ ಬೆರಳುಗಳು ತುಂಡುತುಂಡಾಗಿ ಕಾಣುತ್ತವೆ.

ಡ್ಯಾಶ್‌ಬೋರ್ಡಿನ ಒಳಗೆ ಕೈ ಹಾಕುವವರಿಗೆ ಒಂದು ಎಚ್ಚರಿಕೆ. ಪೆರಿಯನಾಯಕನ್‌ಪಾಳ್ಯದಲ್ಲಿ ಪ್ರಿಕಾಲ್ ಮೀಟರು ತಯಾರಿಸಲು ತೊಡಗಿದ 1970ರ ದಶಕದಲ್ಲಿ ಮುಳ್ಳಿನ ಮೀಟರುಗಳ ಹಿಂದೆ ಎಲ್ಲರೂ ಇಡುತ್ತಿದ್ದದ್ದು ಪುಟಾಣಿ ತಂತಿ ಬಲ್ಬುಗಳನ್ನು. ಅಂಥ ಹಳೆಯ ಕಾರುಗಳಲ್ಲಿ ಬ್ಯಾಟರಿ ಚಿಹ್ನೆಯ ಕೆಂಪು ದೀಪ ಬರೀ ದೀಪವಲ್ಲ. ಕೀಲಿ ತಿರುಗಿಸಿದಾಗ ಆಲ್ಟರ್‌ನೇಟರಿನ ಸುರುಳಿಗೆ ಮೊದಲ ಕರೆಂಟು ಹೋಗುವುದು ಆ ಬಲ್ಬಿನ ಮೂಲಕ. ಆ ಗುಟುಕು ಸಿಕ್ಕರೇ ಆಲ್ಟರ್‌ನೇಟರು ಎಚ್ಚೆತ್ತು ವಿದ್ಯುತ್ತು ಹುಟ್ಟಿಸುತ್ತದೆ. ಅಂದಕ್ಕೆಂದು ಅಲ್ಲಿ ಎಲ್‌ಇಡಿ ಕೂರಿಸಿದರೆ ಗುಟುಕು ಸಾಲದೆ ಆಲ್ಟರ್‌ನೇಟರು ಮಲಗಿಯೇ ಇರಬಹುದು, ಕಾರು ಪಲ್ಲಡಂ ತಲುಪುವ ಮೊದಲೇ ನಿಲ್ಲಬಹುದು. ಕೆಂಪು ಗಾಜಿನ ಹಿಂದೆ ಬಿಳಿ ಎಲ್‌ಇಡಿ ಇಟ್ಟರೂ ನಿರಾಶೆಯೇ. ಗಾಜು ಕೆಂಪನ್ನು ಸೃಷ್ಟಿಸುವುದಿಲ್ಲ, ಉಳಿದದ್ದನ್ನು ತಡೆಯುತ್ತದೆ. ನೀಲಿ-ಹಳದಿಯ ಬೆಳಕಿನಲ್ಲಿ ಕೆಂಪೇ ಬಡವಾಗಿರುವಾಗ ಬಿಡುವುದಕ್ಕೆ ಏನಿದೆ? ಕೆಂಪು ಗಾಜಿಗೆ ಕೆಂಪು ಎಲ್‌ಇಡಿ.

ಕೆಂಪಿನ ಈ ಬಡತನವನ್ನು ತಿರುಪ್ಪೂರಿನವರಿಗೆ ವಿವರಿಸಿ ಹೇಳಬೇಕಿಲ್ಲ. ಬನಿಯನ್ನಿನ ಊರು ಅದು. ನೂಲು, ಬಟ್ಟೆ, ಬಣ್ಣ, ಹೊಲಿಗೆ ಎಲ್ಲ ಅಲ್ಲಿಯೇ ಆಗಿ ಟೀ-ಶರ್ಟುಗಳು ಯುರೋಪು, ಅಮೆರಿಕಕ್ಕೆ ಹೋಗುತ್ತವೆ. ಬಣ್ಣ ಹಾಕುವ ಘಟಕಗಳಲ್ಲಿ ಬೂದು ಬಳಿದ ಒಂದು ಪೆಟ್ಟಿಗೆ ಇರುತ್ತದೆ, ಲೈಟ್ ಬಾಕ್ಸ್. ಅದರ ಗುಂಡಿಗಳನ್ನು ಒತ್ತಿದರೆ ಬೇರೆ ಬೇರೆ ಬೆಳಕು: ಡಿ65 ಎಂದರೆ 6,500 ಕೆಲ್ವಿನ್ನಿನ ಹಗಲು ಬೆಳಕು, ಟಿಎಲ್84 ಎಂದರೆ ಯುರೋಪಿನ ಅಂಗಡಿಗಳ ಟ್ಯೂಬ್‌ಲೈಟು, 'ಎ' ಎಂದರೆ ಮನೆಯ ಹಳೆಯ ತಂತಿ ದೀಪ. ಗಿರಾಕಿ ಕಳಿಸಿದ ಚೂರು ಬಟ್ಟೆ ಮತ್ತು ಇಲ್ಲಿ ಬಣ್ಣ ಹಾಕಿದ ಬಟ್ಟೆ ಹಗಲು ಬೆಳಕಿನಲ್ಲಿ ಅವಳಿಗಳಂತಿದ್ದು ಅಂಗಡಿಯ ಬೆಳಕಿನಲ್ಲಿ ಒಂದು ಕೆಂಪಗೆ, ಇನ್ನೊಂದು ಕಂದಾಗಿ ಕಂಡರೆ ಆ ಸರಕು ವಾಪಸ್ಸು. ಎರಡು ಬಣ್ಣಗಳು ಬೇರೆ ಬೇರೆ ರಾಸಾಯನಿಕಗಳಿಂದ ಹುಟ್ಟಿ ಒಂದೇ ಬೆಳಕಿನಲ್ಲಿ ಮಾತ್ರ ಒಂದಾಗುವ ಈ ಮೋಸಕ್ಕೆ ಮೆಟಾಮೆರಿಸಮ್ ಎಂದು ಹೆಸರು. ಬಟ್ಟೆಗೆ ಬಣ್ಣ ಇರುವುದಿಲ್ಲ, ಬೆಳಕಿನ ಯಾವ ಪಾಲನ್ನು ಹಿಂತಿರುಗಿಸಬೇಕೆಂಬ ಹಟ ಇರುತ್ತದೆ. ಬೆಳಕಿನಲ್ಲಿ ಆ ಪಾಲೇ ಇಲ್ಲದಿದ್ದರೆ ಹಿಂತಿರುಗಿಸುವುದೇನನ್ನು?

ತಂತಿಯ ಬೆಳಕು ಹಳದಿ ಮಿಶ್ರಿತವಾದರೂ ಅದರಲ್ಲಿ ನೇರಳೆಯಿಂದ ಕೆಂಪಿನವರೆಗೆ ಎಲ್ಲ ಬಣ್ಣವೂ ಎಡೆಬಿಡದೆ ಇದೆ, ಕೆಂಪಂತೂ ಧಾರಾಳ. ಅಗ್ಗದ ಬಿಳಿ ಎಲ್‌ಇಡಿಯಲ್ಲಿ 450 ನ್ಯಾನೊಮೀಟರಿನ ಬಳಿ ನೀಲಿಯ ಒಂದು ಶಿಖರ, ಆಮೇಲೆ ಒಂದು ಕಣಿವೆ, ಆಮೇಲೆ ಹಳದಿಯ ಗುಡ್ಡ, ಕೆಂಪಿನ ಕಡೆಗೆ ಇಳಿಜಾರು. ಒಂದು ಬೆಳಕು ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂದು ಅಳೆಯುವ ಅಂಕಕ್ಕೆ ಸಿಆರ್‌ಐ ಎನ್ನುತ್ತಾರೆ. ತಂತಿ ದೀಪಕ್ಕೆ ನೂರು, ಒಳ್ಳೆಯ ಎಲ್‌ಇಡಿಗೆ ತೊಂಬತ್ತರ ಮೇಲೆ, ಅಗ್ಗದ್ದಕ್ಕೆ ಎಪ್ಪತ್ತರ ಆಸುಪಾಸು. ರಾತ್ರಿ ಕಾರಿನೊಳಗೆ ಮಗುವಿನ ಮುಖ ಕಳಾಹೀನವಾಗಿ, ಕುಂಕುಮ ಕಂದಾಗಿ ಕಂಡರೆ ಕಣ್ಣಿನ ವೈದ್ಯರ ಬಳಿ ಓಡಬೇಡಿ, ಬಲ್ಬಿನ ಸಿಆರ್‌ಐ ನೋಡಿ.

ತಿರುಪ್ಪೂರಿನ ಬಿಳಿ ಬನಿಯನ್ನಿನಲ್ಲೂ ಒಂದು ಗುಟ್ಟಿದೆ. ಅದರಲ್ಲಿರುವ ಹೊಳಪುಕಾರಕ ಕಣ್ಣಿಗೆ ಕಾಣದ ಅತಿನೇರಳೆಯನ್ನು ನುಂಗಿ ನೀಲಿಯಾಗಿ ಉಗುಳುತ್ತದೆ. ಬಿಸಿಲಲ್ಲಿ ಬನಿಯನ್ನು ಕಣ್ಣು ಕುಕ್ಕುವುದು ಅದರಿಂದ. ಸಾಮಾನ್ಯ ಎಲ್‌ಇಡಿಯಲ್ಲಿ ಅತಿನೇರಳೆ ಇಲ್ಲವೆಂದೇ ಹೇಳಬಹುದು. ಎಷ್ಟು ಪ್ರಖರವಾದ ಎಲ್‌ಇಡಿ ಹಾಕಿದರೂ ಹೊಸ ಬನಿಯನ್ನಿಗೆ ಆ ಬಿಸಿಲಿನ ಠೀವಿ ಬರುವುದಿಲ್ಲ.

ಪ್ರಖರತೆಯ ಹುಚ್ಚಿನ ಬಗ್ಗೆ ನನಗೆ ಸ್ವಲ್ಪ ಕೋಪವೇ ಇದೆ. ಕೊಯಮತ್ತೂರು, ಪೊಳ್ಳಾಚಿ ಕಡೆಯ ಖಾಸಗಿ ಬಸ್ಸುಗಳಲ್ಲಿ ನೀಲಿ, ನೇರಳೆ, ಹಸಿರು ದೀಪಗಳು ಇಳಯರಾಜರ ಹಾಡಿಗೆ ಕುಣಿಯುತ್ತವೆ. ಅದು ಒಂದು ಸಂಸ್ಕೃತಿ, ನನಗೂ ಇಷ್ಟ; ಅಲ್ಲಿ ಓಡಿಸುವವನು ನಾನಲ್ಲ. ಅದನ್ನೇ ಸ್ವಂತ ಕಾರಿಗೆ ತಂದುಕೊಳ್ಳುವವರು ಒಮ್ಮೆ ಆಳಿಯಾರಿನಿಂದ ವಾಲ್ಪಾರೈಗೆ ರಾತ್ರಿ ಹತ್ತಿ ನೋಡಬೇಕು. ನಲವತ್ತು ಹೇರ್‌ಪಿನ್ ತಿರುವು. ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಅಕ್ಷಿಪಟಲದ ರಾಡ್ ಕೋಶಗಳಲ್ಲಿ ರೊಡಾಪ್ಸಿನ್ ಎಂಬ ವರ್ಣದ್ರವ್ಯ ಮೆಲ್ಲಗೆ ಕೂಡಿಕೊಳ್ಳಬೇಕು. ಅದು ಅತಿ ಹೆಚ್ಚು ಸ್ಪಂದಿಸುವುದು 500 ನ್ಯಾನೊಮೀಟರಿನ ನೀಲಿಹಸಿರಿಗೆ, ಕೆಂಪಿಗೆ ಬಹುತೇಕ ಕುರುಡು. ಹಿಂದೆ ಕೂತವರು ಬಿದ್ದ ಚಾಕೊಲೇಟು ಹುಡುಕಲೆಂದು ತಣ್ಣನೆ ಬಿಳಿಯ ಎಲ್‌ಇಡಿ ಹಾಕಿದರೆ ಕೂಡಿಟ್ಟದ್ದೆಲ್ಲ ಕ್ಷಣದಲ್ಲಿ ಖರ್ಚು. ಜೊತೆಗೆ ಮುಂದಿನ ಗಾಜು ತನ್ನ ಮೇಲೆ ಬಿದ್ದ ಬೆಳಕಿನ ಎಂಟು ಶೇಕಡವನ್ನಾದರೂ ಹಿಂದಕ್ಕೆ ಕಳಿಸುತ್ತದೆ, ಓರೆಯಾಗಿದ್ದರೆ ಇನ್ನೂ ಹೆಚ್ಚು. ಹೊರಗಿನ ರಸ್ತೆಯ ಮೇಲೆ ಒಳಗಿನ ಸೀಟು, ಮುಖ, ಚಾಕೊಲೇಟು ಎಲ್ಲ ತೇಲುತ್ತವೆ. ಆ ರಸ್ತೆಯಲ್ಲಿ ಆನೆ ನಿಂತಿರಬಹುದು.

ಆನೆಯ ಮಾತು ಬಂದದ್ದರಿಂದ ಹೇಳುತ್ತೇನೆ. ವಾಲ್ಪಾರೈ ಪ್ರಸ್ಥಭೂಮಿಯ ಚಹಾ ತೋಟಗಳ ನಡುವೆ ಆನೆಗಳು ಓಡಾಡುವ ಜಾಗಗಳಲ್ಲಿ ಕೆಂಪು ಎಲ್‌ಇಡಿ ದೀಪಗಳ ಕಂಬಗಳಿವೆ. ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ಆನಂದಕುಮಾರ್ ಮತ್ತು ಸಂಗಡಿಗರ ಯೋಜನೆ ಅದು. ಈ ಕೆಲಸಕ್ಕೆ ಆನಂದಕುಮಾರ್ ಅವರಿಗೆ 2015ರ ವಿಟ್ಲಿ ಪ್ರಶಸ್ತಿ ಬಂತು. ಆನೆ ಹತ್ತಿರ ಬಂದಿದೆ ಎಂದು ತಿಳಿದರೆ ಮೊಬೈಲಿನಿಂದ ಕರೆ ಮಾಡಿ ದೀಪ ಹೊತ್ತಿಸುತ್ತಾರೆ. ಕೆಲಸ ಮುಗಿಸಿ ಬಸ್ಸಿಳಿದ ಕಾರ್ಮಿಕರು ದೂರದಿಂದಲೇ ಕೆಂಪು ಮಿನುಗು ಕಂಡು ದಾರಿ ಬದಲಿಸುತ್ತಾರೆ. ಹರಳಿನಿಂದ ನೇರವಾಗಿ ಹುಟ್ಟಿದ ಶುದ್ಧ ಕೆಂಪು, 1962ರಲ್ಲಿ ಹೊಲೊನ್ಯಾಕ್ ಕಂಡ ಆ ಬಣ್ಣ, ನೋಡುವವರ ಕತ್ತಲಗಣ್ಣನ್ನು ಕೆಡಿಸದೆ ಎಚ್ಚರಿಸುತ್ತದೆ.

ಹಾಗಾದರೆ ಬಲ್ಬು ಬದಲಿಸುವುದರಿಂದ ಲಾಭವೇನು ಎಂದು ಎಲೆಕ್ಟ್ರಿಷಿಯನ್ ಅಂಗಡಿಯಲ್ಲಿ ಪಕ್ಕದಲ್ಲಿ ಕೂತಿದ್ದ ಒಬ್ಬರು ಕೇಳಿದರು. ಪೆಟ್ರೋಲು ಉಳಿಯುತ್ತದೆ ಎಂದುಕೊಂಡಿದ್ದರೆ ಮರೆತುಬಿಡಿ. ದಿನಕ್ಕೆ ಹತ್ತು ನಿಮಿಷ ಉರಿಯುವ 10 ವ್ಯಾಟ್ ದೀಪ ವರ್ಷಕ್ಕೆ ಕುಡಿಯುವುದು ಅರ್ಧ ಲೀಟರಿಗೂ ಕಡಿಮೆ. ನಿಜವಾದ ಲಾಭ ಕಾಣುವುದು ಮರೆವಿನವರಿಗೆ. ರಾತ್ರಿಯಿಡೀ ಬಾಗಿಲು ಸರಿಯಾಗಿ ಮುಚ್ಚದೆ ಬಿಟ್ಟರೆ 10 ವ್ಯಾಟಿನ ತಂತಿ ಬಲ್ಬು ಹನ್ನೆರಡು ಗಂಟೆಯಲ್ಲಿ ಹತ್ತು ಆಂಪಿಯರ್-ಗಂಟೆ ತಿನ್ನುತ್ತದೆ, 35ರಲ್ಲಿ ಹತ್ತು. ಬ್ಯಾಟರಿ ಹಳೆಯದಾಗಿದ್ದರೆ ಬೆಳಗ್ಗೆ ತಳ್ಳಬೇಕು. ಅಷ್ಟೇ ಬೆಳಕಿನ 1 ವ್ಯಾಟ್ ಎಲ್‌ಇಡಿ ತಿನ್ನುವುದು ಒಂದೇ. ನಾನು ಮರೆವಿನವನು.

ಕೊನೆಗೆ ಆ ನೀಲಿಬಿಳಿಯ ಬಲ್ಬನ್ನು ತೆಗೆಸಿ 3,000 ಕೆಲ್ವಿನ್ನಿನ ಬೆಚ್ಚನೆ ಬಣ್ಣದ್ದೊಂದನ್ನು ಹಾಕಿಸಿಕೊಂಡೆ. ರೆಸಿಸ್ಟರನ್ನು ಅದಕ್ಕೂ ಬೆಸೆಯಲೇ ಎಂದು ಅವರು ಕೇಳಿದರು. ಬೇಡ ಎಂದೆ. ನೆಲಮಾಳಿಗೆಯಲ್ಲಿ ಕರೆಂಟು ಹೋದಾಗ ಸಾಲಿನಲ್ಲಿ ನಿಂತ ನಾಲ್ಕು ಬಿಳಿ ಕಾರುಗಳ ನಡುವೆ ನನ್ನದು ಯಾವುದೆಂದು ಈಗ ದೂರದಿಂದಲೇ ಗೊತ್ತಾಗುತ್ತದೆ.